ಕನ್ಫ್ಯೂಷಿಯಸ್ ಸೂಪಿಗೆ ಕೈ ಹಾಕಿದ್ದು

ನಮಸ್ಕಾರ.

ನೀವು ಕಳಿಸಿದ ‘ಒಂದು ಅಕ್ಷರ, ಎಂಟು ಅರ್ಥ’ ಲೇಖನ ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಸಿಟ್ಟಿನಲ್ಲಿ. ಚೀನೀ ಭಾಷೆಯ ‘ಥಾಂಗ್’ ಎಂಬ ಒಂದೇ ಅಕ್ಷರ ಹಿಡಿದು ಬಿಸಿನೀರು, ಸೂಪು, ಕಷಾಯ, ಸ್ನಾನದ ಮನೆ, ರಾಜನ ಹೆಸರು ಅಂತ ಊರೆಲ್ಲ ಸುತ್ತಿಸಿದ್ದೀರಿ. ವಿಷಯ ಚೆನ್ನಾಗಿದೆ, ಬರವಣಿಗೆ ತಿಳಿಯಾಗಿದೆ, ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಹೊಗಳಿಕೆ ಇಷ್ಟೇ.

ಎರಡನೇ ಪುಟದಲ್ಲಿ ಕನ್ಫ್ಯೂಷಿಯಸ್‌ನ ಮಾತು ಅಂತ ಹೀಗೆ ಬರೆದಿದ್ದೀರಿ: ‘ಕೆಟ್ಟದ್ದನ್ನು ಕಂಡಾಗ ಸೂಪಿಗೆ ಕೈ ಹಾಕಿದಂತೆ ಇರಬೇಕು.’ ಸ್ವಾಮಿ, ಇದರ ಅರ್ಥ ಏನು? ಕೈ ಅದ್ದಿ ಉಪ್ಪು ಸಾಲದು ಅನ್ನಬೇಕಾ? ಬರೆದ ಮೇಲೆ ಒಮ್ಮೆ ಜೋರಾಗಿ ಓದಿಕೊಂಡಿದ್ದರೆ ನಿಮಗೇ ನಗು ಬರುತ್ತಿತ್ತು. ಅಲ್ಲಿರುವುದು ಕುದಿಯುವ ನೀರು. ಒಳ್ಳೆಯದನ್ನು ಕಂಡರೆ ಎಲ್ಲಿ ಕೈತಪ್ಪಿ ಹೋಗುತ್ತೋ ಅನ್ನೋ ಹಾಗೆ ಬೆನ್ನು ಹತ್ತು, ಕೆಟ್ಟದ್ದನ್ನು ಕಂಡರೆ ಕುದಿನೀರಿಗೆ ಕೈ ತಗುಲಿದ ಹಾಗೆ ಹಿಂದಕ್ಕೆಳೆದುಕೋ, ಅಂತ ಅವನ ಮಾತು. ಹಂಡೆಯ ನೀರು ಕಾದಿದೆಯಾ ಅಂತ ಬೆರಳು ಅದ್ದಿ ಚುರ್ ಅನ್ನಿಸಿಕೊಂಡ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಅದರ ಕೆಳಗಿನ ಸಾಲಿನಲ್ಲೂ ಇದೇ ಕಥೆ. ಕನ್ಫ್ಯೂಷಿಯಸ್‌ನ ಹಾದಿಯಲ್ಲೇ ನಡೆದ ಚಿಂತಕ ಮೆನ್ಶಿಯಸ್‌ನ ಗ್ರಂಥದಿಂದ ‘ಚಳಿಗಾಲದಲ್ಲಿ ಸೂಪು ಕುಡಿಯುತ್ತೇವೆ, ಬೇಸಿಗೆಯಲ್ಲಿ ನೀರು’ ಅಂತ ತಂದಿದ್ದೀರಿ. ಅಲ್ಲಿ ಹೇಳುತ್ತಿರುವುದು ಬಿಸಿನೀರು, ತಣ್ಣೀರು, ಅಷ್ಟೇ. ನೀವು ಇವತ್ತಿನ ಡಿಕ್ಷನರಿ ತೆರೆದಿದ್ದೀರಿ, ಅದರಲ್ಲಿ ಮೊದಲು ಸೂಪು ಅಂತಿದೆ, ಅದನ್ನೇ ಎರಡು ಸಾವಿರ ವರ್ಷಕ್ಕೂ ಹಿಂದಿನ ವಾಕ್ಯಕ್ಕೆ ಸುರಿದಿದ್ದೀರಿ.

ಆ ಕಾಲದಲ್ಲಿ ಸೂಪು ಬೇಕಾದರೆ ಬೇರೆ ಪದವೇ ಇತ್ತು: ‘ಗೆಂಗ್’. ಮಾಂಸದ ಗಟ್ಟಿ ಸಾರು. ಕ್ರಿ.ಪೂ. 203ರಲ್ಲಿ ಶ್ಯಾಂಗ್ ಯೂ ಎಂಬ ಸೇನಾನಿ ತನ್ನ ಎದುರಾಳಿ ಲಿಯು ಬಾಂಗ್‌ನ ಅಪ್ಪನನ್ನು ಹಿಡಿದು ತಂದು, ಶರಣಾಗದಿದ್ದರೆ ಮುದುಕನನ್ನು ಬೇಯಿಸಿಬಿಡುತ್ತೇನೆ ಅಂತ ಹೆದರಿಸಿದ. ಲಿಯು ಬಾಂಗ್ ಏನಂದ ಗೊತ್ತಾ? ನಾವಿಬ್ಬರೂ ಅಣ್ಣತಮ್ಮಂದಿರು ಅಂತ ಆಣೆ ಮಾಡಿದವರು, ನನ್ನಪ್ಪ ಅಂದರೆ ನಿನ್ನಪ್ಪನೂ ಹೌದು, ಬೇಯಿಸಲೇಬೇಕಾದರೆ ನನಗೂ ಒಂದು ಬಟ್ಟಲು ಕಳಿಸು. ಆ ಬಟ್ಟಲಲ್ಲಿ ಇದ್ದದ್ದು ಗೆಂಗ್, ಥಾಂಗ್ ಅಲ್ಲ. (ಆಮೇಲೆ ಹಾನ್ ವಂಶ ಕಟ್ಟಿದವನು ಇವನೇ. ಅಪ್ಪ ಬದುಕಿಕೊಂಡ.)

ಇನ್ನು ಸೂರ್ಯ. ಇದೇ ನನ್ನನ್ನು ಜಾಸ್ತಿ ಕಾಡಿದ್ದು. ‘ಎಡಕ್ಕೆ ನೀರಿನ ಮೂರು ಹನಿ, ಬಲಕ್ಕೆ ಉದಯಿಸುವ ಸೂರ್ಯ, ಸೂರ್ಯ ಕಾಯಿಸಿದ ನೀರೇ ಥಾಂಗ್, ಎಂಥ ಕಾವ್ಯ!’ ಅಂತ ಒಂದು ಇಡೀ ಪ್ಯಾರಾ ಕರಗಿ ಹೋಗಿದ್ದೀರಿ. ಹನಿಗಳನ್ನು ಒಪ್ಪಿದೆ. ಆದರೆ ಬಲಗಡೆಯ ಭಾಗ ಅಲ್ಲಿರುವುದು ಉಚ್ಚಾರಣೆ ತೋರಿಸುವುದಕ್ಕೆ. ಕ್ರಿ.ಶ. 100ರ ಹೊತ್ತಿಗೆ 9,353 ಅಕ್ಷರಗಳನ್ನು 540 ಗುಂಪು ಮಾಡಿ ನಿಘಂಟು ಬರೆದ ಶೂ ಶೆನ್ ಸ್ಪಷ್ಟವಾಗಿ ಹೇಳುತ್ತಾನೆ: ಥಾಂಗ್ ಅಂದರೆ ಬಿಸಿನೀರು, ನೀರಿನಿಂದ ಅರ್ಥ, ಇನ್ನೊಂದರಿಂದ ಧ್ವನಿ. ಅದೇ ಬಲಗಡೆಯ ಭಾಗ ಕರುಳು ಎಂಬ ಅಕ್ಷರದಲ್ಲೂ ಇದೆ, ಒಂದು ಜಾತಿಯ ಮರದ ಹೆಸರಿನಲ್ಲೂ ಇದೆ, ಬಯಲು ಎಂಬುದರಲ್ಲೂ ಇದೆ. ಬಯಲಿಗೆ ಸೂರ್ಯ ಬರಲಿ, ಕರುಳಿಗೆ ಹೇಗೆ ಬಂದ? ಧ್ವನಿಯ ಭಾಗಕ್ಕೂ ಅರ್ಥದ ನೆರಳು ಇರಬಹುದು ಅಂತ ವಾದ ಮಾಡುವವರಿದ್ದಾರೆ, ಇರಲಿ. ಅವರು ವಾದ ಮಾಡುತ್ತಾರೆ, ನೀವು ಸುಮ್ನೆ ಮೂರು ಆಶ್ಚರ್ಯಸೂಚಕ ಹಾಕಿದ್ದೀರಿ.

ಸಿಟ್ಟು ಯಾಕೆ ಬಂತು ಅಂದರೆ, ಇದೇ ಕೆಲಸ ನಾನೂ ಮಾಡಿದ್ದೆ. ಇಪ್ಪತ್ತೆರಡನೇ ವಯಸ್ಸಿಗೆ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೆ. ‘ಎಣ್ಣೆ’ ಎಂಬ ಪದದ ಮೇಲೆ ಲೇಖನ ಬರೆದು, ಎಣೆಯಿಲ್ಲದ್ದೇ ಎಣ್ಣೆ ಅಂತ ಶುರು ಮಾಡಿ, ತಲೆಗೆ ಹಚ್ಚುವ ಎಣ್ಣೆಯಿಂದ ರಾತ್ರಿ ಹೊಡೆಯುವ ಎಣ್ಣೆಯವರೆಗೆ ಆರು ಅರ್ಥ ಸಾಲಾಗಿ ನಿಲ್ಲಿಸಿದ್ದೆ. ನಮ್ಮ ಹಿರಿಯ ಉಪಸಂಪಾದಕರು, ಎಲೆ ಅಡಿಕೆ ಜಗಿಯುತ್ತಲೇ ಓದಿ, ಅಂಚಿನಲ್ಲಿ ಕೆಂಪು ಇಂಕಿನಲ್ಲಿ ‘ಎಳ್ + ನೆಯ್’ ಅಂತ ಮಾತ್ರ ಬರೆದು ವಾಪಸ್ ಕೊಟ್ಟರು. ನೆಯ್ ಅಂದರೆ ಹಳೆಯ ಮಾತಿನಲ್ಲಿ ಜಿಡ್ಡು, ತುಪ್ಪ. ಎಳ್ಳಿನ ನೆಯ್ ಎಣ್ಣೆ, ಬಿಳಿಯ ನೆಯ್ ಬೆಣ್ಣೆ. ಹಾಗಾದರೆ ಕೊಬ್ಬರಿ ಎಣ್ಣೆ ಅಂದರೆ ಕೊಬ್ಬರಿಯ ಎಳ್ಳುನೆಯ್! ಎಳ್ಳು ಯಾವಾಗಲೋ ಪದದಿಂದ ಜಾರಿ ಹೋಗಿತ್ತು, ಯಾರೂ ಗಮನಿಸಿರಲಿಲ್ಲ. ನಾನು ಬರೆಯಬೇಕಾಗಿದ್ದ ಲೇಖನ ಅದು. ‘ಆರು ಅರ್ಥ ಬರೆದಿದ್ದೀಯಲ್ಲ ಮಾರಾಯ, ಯಾವುದು ಮೊದಲು, ಯಾವುದು ಆಮೇಲೆ?’ ಅಂತ ಅವರು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಸಂಬಳದ ದಿನ ಬೇರೆ, ಅವತ್ತು ಊಟ ಸೇರಲಿಲ್ಲ.

ನಿಮ್ಮನ್ನೂ ಅದನ್ನೇ ಕೇಳುತ್ತಿದ್ದೇನೆ. ನಿಮ್ಮ ಎಂಟು ಅರ್ಥಗಳು ಬಸ್ ಸ್ಟ್ಯಾಂಡಿನಲ್ಲಿ ನಿಂತ ಜನರ ಹಾಗೆ ಪಕ್ಕಪಕ್ಕ ನಿಂತಿವೆ, ಒಬ್ಬರಿಗೊಬ್ಬರು ಪರಿಚಯ ಇಲ್ಲ. ಬಿಸಿನೀರು ಸೂಪು ಆಗಿದ್ದು ಹೇಗೆ? ನಡುವೆ ಕಷಾಯ ಇದೆ ನೋಡಿ. ಕ್ರಿ.ಶ. 200ರ ಆಸುಪಾಸಿನ ವೈದ್ಯ ಝಾಂಗ್ ಝೊಂಗ್‌ಜಿಂಗ್‌ನ ಹೆಸರಾಂತ ಮದ್ದುಗಳಲ್ಲಿ ಒಂದು ‘ಗುಯಿಝಿ ಥಾಂಗ್’. ದಾಲ್ಚಿನ್ನಿ ಜಾತಿಯ ಮರದ ಕಡ್ಡಿ, ಶುಂಠಿ, ಜ್ಯೇಷ್ಠಮಧು ಇತ್ಯಾದಿ ಐದು ಸಾಮಾನು ನೀರಿಗೆ ಹಾಕಿ ಕುದಿಸುವುದು. ಬಿಸಿನೀರಿಗೆ ಏನಾದರೂ ಬಿದ್ದರೆ ಅದು ಬರೀ ಬಿಸಿನೀರಾಗಿ ಉಳಿಯಲ್ಲ ಅಲ್ವಾ? ಥಾಂಗ್ ರಾಜವಂಶದ (ಈ ಥಾಂಗ್ ಬೇರೆ ಅಕ್ಷರ) ಕಾಲದ ಕವಿ ವಾಂಗ್ ಜ್ಯಾನ್‌ನ ನಾಲ್ಕು ಸಾಲಿನ ಪದ್ಯದಲ್ಲಿ ಹೊಸ ಸೊಸೆ ಮದುವೆಯಾದ ಮೂರನೇ ದಿನ ಅಡುಗೆಮನೆಗೆ ಹೋಗಿ, ಕೈ ತೊಳೆದು ಸಾರು ಮಾಡುತ್ತಾಳೆ. ಅತ್ತೆಯ ನಾಲಿಗೆ ಹೇಗೋ ಗೊತ್ತಿಲ್ಲ, ಮೊದಲು ನಾದಿನಿಗೆ ರುಚಿ ನೋಡಲು ಕೊಡುತ್ತಾಳೆ. ಅಲ್ಲಿ ಸಾರಿಗೆ ಇರುವ ಪದ ‘ಗೆಂಗ್‌ಥಾಂಗ್’. ಎರಡು ಪದ ಒಂದೇ ಪಾತ್ರೆಯಲ್ಲಿ! ಇಷ್ಟು ಒಳ್ಳೆಯ ಹೆಣ್ಣುಮಗಳನ್ನು ಬಿಟ್ಟು ಸೂರ್ಯೋದಯದ ಹಿಂದೆ ಹೋದಿರಲ್ಲ.

ಜಪಾನಿನವರು ಹಳೆಯ ಅರ್ಥವನ್ನೇ ಇಟ್ಟುಕೊಂಡರು. ಅಲ್ಲಿ ಈ ಅಕ್ಷರವನ್ನು ‘ಯು’ ಅಂತ ಓದುತ್ತಾರೆ, ಸ್ನಾನದ ಮನೆಯ ಬಾಗಿಲಲ್ಲಿ ಹೆಂಗಸರ ಬಿಸಿನೀರು, ಗಂಡಸರ ಬಿಸಿನೀರು ಅಂತ ಬೋರ್ಡು. ಚೀನಾದಿಂದ ಹೋದವರ ಕಣ್ಣಿಗೆ ಅದು ಹೆಂಗಸರ ಸೂಪು. ಇದನ್ನು ನೀವು ಬರೆದಿದ್ದೀರಿ, ಚೆನ್ನಾಗಿದೆ, ಆದರೆ ಯಾಕೆ ಹಾಗೆ ಅಂತ ಹೇಳಿಲ್ಲ.

ರಾಜನ ವಿಷಯ ಚುಟುಕಾಗಿ. ಚೀನಾದ ಪುರಾತನ ಶಾಂಗ್ ರಾಜವಂಶದ ಮೂಲಪುರುಷ ಥಾಂಗ್‌ನ ಸ್ನಾನದ ಬೋಗುಣಿಯ ಮೇಲೆ ‘ದಿನದಿನವೂ ಹೊಸಬನಾಗು’ ಅಂತ ಕೆತ್ತಿತ್ತು ಅನ್ನೋ ಮಾತು ಹಳೆಯ ಗ್ರಂಥದಲ್ಲಿದೆ, ನಿಜ. ಅದಕ್ಕೇ ಅವನಿಗೆ ಬಿಸಿನೀರು ಅಂತ ಹೆಸರು ಬಂತು ಅಂದಿದ್ದೀರಿ. ಶಾಂಗ್ ಕಾಲದ್ದೇ ಆದ ಮೂಳೆ, ಆಮೆಚಿಪ್ಪಿನ ಬರಹಗಳಲ್ಲಿ ಅವನ ಹೆಸರಿಗೆ ಈ ಅಕ್ಷರವೇ ಇಲ್ಲ. ಅಲ್ಲಿರುವುದು ಮುಂದೆ 618ರಲ್ಲಿ ಶುರುವಾದ ಥಾಂಗ್ ರಾಜವಂಶದ ಹೆಸರಿನ ಅಕ್ಷರ. ಹೊಡೆದು ಹಾಕಿ.

ಸರ್‌ನೇಮಿನ ಪ್ಯಾರಾ, ಕೋಟೆಯ ಕಂದಕದ ಪ್ಯಾರಾ ನಾನು ಮುಟ್ಟಿಲ್ಲ, ಹಾಗೇ ಇರಲಿ. ಸೊಸೆಯಿಂದ ಶುರು ಮಾಡಿ ಇನ್ನೊಮ್ಮೆ ಬರೆದು ಕಳಿಸಿ. ಅವಸರ ಇಲ್ಲ. ಮತ್ತೆ, ತಲೆಬರಹದಲ್ಲಿ ಆ ‘ಎಂಟು’ ಬೇಡ.