ಮಗ ಅಮೆರಿಕದ ಸಣ್ಣ ಡಿವಿಷನ್ 1 (ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತ) ಕಾಲೇಜಿನಲ್ಲಿ ಎರಡು ವರ್ಷದಿಂದ ಬೆಂಚ್ ಮೇಲೇ ಇದ್ದಾನೆ. ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಕಾಲೇಜು ಬದಲಿಸಬೇಕೆನ್ನುವ ಆಟಗಾರರ ಪಟ್ಟಿ) ಹೆಸರು ಹಾಕಿದರೆ ದೊಡ್ಡ ಬ್ಯಾಸ್ಕೆಟ್‌ಬಾಲ್ ತಂಡ ಸಿಗುತ್ತಾ?

ಸಿಗುವುದಿಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. "ಪಂದ್ಯಕ್ಕೆ ಆರೇಳು ನಿಮಿಷ ಆಡಿಸ್ತಾರೆ, ಕೋಚ್ ಸರಿಯಾಗಿ ಮಾತೂ ಆಡಲ್ಲ" ಅಂತ ಬರೆದಿದ್ದೀರಲ್ಲ, 2022ರಲ್ಲಿ ನಾನು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದದ್ದೂ ಇದನ್ನೇ.

ನಾವಿರುವುದು ಡಲ್ಲಾಸ್ ಹತ್ತಿರ. ಮಗ ಆರಡಿ ಮೂರಿಂಚು, ಪಾಯಿಂಟ್ ಗಾರ್ಡ್, ಅಂದರೆ ಚೆಂಡು ನಡೆಸಿಕೊಂಡು ಆಟ ಕಟ್ಟುವವನು. (ನಮ್ಮ ವಂಶಕ್ಕೆ ಆ ಎತ್ತರ ಎಲ್ಲಿಂದ ಬಂತೋ. ಹಾಸನದ ಮನೆಗೆ ಹೋದಾಗ ಅವನು ಬಾಗಿಲು ದಾಟುವುದನ್ನು ಕಂಡರೆ ನಮ್ಮಮ್ಮ ಇವತ್ತಿಗೂ "ತಲೆ, ತಲೆ" ಅಂತ ಕೂಗುತ್ತಾರೆ.) ಸಣ್ಣ ಡಿವಿಷನ್ 1 ಕಾಲೇಜು, ಪೂರ್ತಿ ಸ್ಕಾಲರ್‌ಶಿಪ್, ಓದುತ್ತಿದ್ದದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಸೇರಿದ್ದು 2020ರಲ್ಲಿ. ಕೋವಿಡ್ ಅಂತ ಆ ಸೀಸನ್ನಿನ ಆಟಗಾರರಿಗೆಲ್ಲ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಆಡಲು ಒಂದು ವರ್ಷ ಜಾಸ್ತಿ ಕೊಟ್ಟಿತ್ತು. ಹೋಗಬೇಕಾದ ಸೀನಿಯರ್‌ಗಳು ಹೋಗಲೇ ಇಲ್ಲ. ಇವನ ಜಾಗದಲ್ಲಿ 23 ವರ್ಷದ ಗಟ್ಟಿ ಆಳೊಬ್ಬ ಕೂತಿದ್ದ.

ಮೊದಲೆಲ್ಲ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಒಂದು ಸಲ ಹಾಗೆ ಕೂರದೆಯೇ ಬದಲಿಸಬಹುದು ಅಂತ 2021ರ ಏಪ್ರಿಲ್‌ನಲ್ಲಿ ನಿಯಮ ಸಡಿಲ ಮಾಡಿದರು. ಮರುವರ್ಷ ಮಾರ್ಚ್‌ನಲ್ಲಿ ಸೇಂಟ್ ಪೀಟರ್ಸ್ ಅನ್ನೋ ಪುಟ್ಟ ಕಾಲೇಜು ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ಎಂಟರವರೆಗೆ ಬಂತು ನೋಡಿ, ನಮ್ಮ ಮನೆಯಲ್ಲಿ ಟೀವಿ ಮುಂದೆ ಹಬ್ಬ. ಆ ಓಟ ಮುಗಿದ ಕೆಲವೇ ದಿನಕ್ಕೆ ಅವರ ಕೋಚ್ ಶಹೀನ್ ಹಾಲೊವೇ ಸೀಟನ್ ಹಾಲ್ ಅನ್ನೋ ದೊಡ್ಡ ಕಾಲೇಜಿಗೆ ಹೊರಟರು. ಡಗ್ ಎಡರ್ಟ್, ಡ್ಯಾರಿಲ್ ಬ್ಯಾಂಕ್ಸ್ ಅಂಥ ಹುಡುಗರೂ ಬೇರೆ ಬೇರೆ ಕಡೆ ಹೋದರು. ಎಲ್ಲರೂ ಹೋಗುತ್ತಿದ್ದಾರೆ, ನಾವ್ಯಾಕೆ ಸುಮ್ನೆ ಕೂತಿದ್ದೀವಿ ಅನ್ನಿಸಿತು.

ಮಗ ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ (ಆಟದ ನಿಯಮ ನೋಡಿಕೊಳ್ಳುವವರು) ಒಂದು ಈಮೇಲ್ ಹಾಕಿದ. ಅಷ್ಟೇ ಕೆಲಸ. ಎರಡು ವರ್ಕಿಂಗ್ ಡೇಯೊಳಗೆ ಅವರು ಪೋರ್ಟಲ್‌ಗೆ ಹೆಸರು ಸೇರಿಸಲೇಬೇಕು. ಹಾಗೆ ಸೇರಿಸಿದ ಮೇಲೆ ಮುಂದಿನ ವರ್ಷದ ಸ್ಕಾಲರ್‌ಶಿಪ್ ಕೊಡಬೇಕು ಅನ್ನೋ ಹಂಗು ಹಳೇ ಕಾಲೇಜಿಗಿರುವುದಿಲ್ಲ. ನಮಗೂ ಕೊಡಲಿಲ್ಲ. ಇತ್ತ ಫೋನು ಬಂದಿದ್ದು ಬೆರಳೆಣಿಕೆಯಷ್ಟು. ಮಾಡಿದವರೆಲ್ಲ ಮೊದಲು ಕೇಳಿದ್ದು "ಫಿಲ್ಮ್ ಕಳಿಸಿ" ಅಂತ, ಅಂದರೆ ಆಡಿದ ಪಂದ್ಯಗಳ ವಿಡಿಯೋ. ಬೆಂಚ್ ಮೇಲೆ ಕೂತವನ ಫಿಲ್ಮ್ ಎಲ್ಲಿಂದ ತರೋದು ಹೇಳಿ? ಕೊನೆಗೆ ಜೂನ್‌ನಲ್ಲಿ, ಹೆಚ್ಚುಕಮ್ಮಿ ಹಳೆಯದರಷ್ಟೇ ಸಣ್ಣ ಕಾಲೇಜೊಂದು ಸ್ಕಾಲರ್‌ಶಿಪ್ ಕೊಟ್ಟು ಕರೆಯಿತು. ದೇವರಿಗೆ ಕೈಮುಗಿದು ಒಪ್ಪಿಕೊಂಡೆವು.

ನಾವು ಎಡವಿದ್ದು ಇಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. "ಕ್ರೆಡಿಟ್ ಎಲ್ಲಾ ಟ್ರಾನ್ಸ್‌ಫರ್ ಆಗುತ್ತೆ ತಾನೇ?" ಅಂತ ನಾನೇ ಕೇಳಿದ್ದೆ. "ಆಗುತ್ತೆ" ಅಂದರು. ಸುಳ್ಳೇನಲ್ಲ, ಮಗನ 62 ಕ್ರೆಡಿಟ್ಟೂ ಆಯ್ತು. ಆಗಸ್ಟ್‌ನಲ್ಲಿ ಡಿಗ್ರಿ ಆಡಿಟ್ ಬಂತು, ಅಂದರೆ ಯಾವ ಕೋರ್ಸು ಡಿಗ್ರಿಗೆ ಸೇರುತ್ತೆ ಅನ್ನೋ ಕೋಷ್ಟಕ. ರಾತ್ರಿ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಒದ್ದಾಡಿಕೊಂಡು ಪಾಸು ಮಾಡಿದ್ದ ಸ್ಟ್ಯಾಟಿಕ್ಸ್ ಎದುರಿಗೆ "ಫ್ರೀ ಇಲೆಕ್ಟಿವ್" ಅಂತಿದೆ. ಥರ್ಮೋಡೈನಾಮಿಕ್ಸ್ ಎದುರಿಗೂ ಅದೇ. ಕಾಲೇಜು ಕ್ರೆಡಿಟ್ ಒಪ್ಪಿಕೊಂಡಿದೆ, ಆದರೆ ಎಂಜಿನಿಯರಿಂಗ್ ಡಿಪಾರ್ಟ್‌ಮೆಂಟ್ ತನ್ನ ಡಿಗ್ರಿಗೆ ಅದನ್ನು ಲೆಕ್ಕ ಹಿಡಿದಿಲ್ಲ. ಎನ್‌ಸಿಎಎ ನೋಡುವುದು ಈ ಎರಡನೇ ಲೆಕ್ಕವನ್ನು. ಎರಡು ವರ್ಷ ಮುಗಿಸಿದವನು ಆಡಬೇಕಾದರೆ ತನ್ನ ಡಿಗ್ರಿಯ ಶೇ 40ರಷ್ಟು ಮುಗಿಸಿರಬೇಕು. ಮೂರಕ್ಕೆ ಶೇ 60, ನಾಲ್ಕಕ್ಕೆ ಶೇ 80. ಅಲ್ಲಿನ ಡಿಗ್ರಿ 128 ಕ್ರೆಡಿಟ್‌ನದ್ದು, ಅಂದರೆ ಕೈಯಲ್ಲಿ 52 ಇರಬೇಕು. ಇವನದ್ದು 45 ಆಯ್ತು.

ಜೂನ್‌ನಲ್ಲೇ ಗೊತ್ತಾಗಿದ್ದರೆ ಬೇಸಿಗೆಯಲ್ಲಿ ಎರಡು ಮೂರು ಕೋರ್ಸ್ ಮಾಡಿ ಸರಿದೂಗಿಸಬಹುದಿತ್ತು. ಆಗಸ್ಟ್‌ನಲ್ಲಿ ಏನು ಮಾಡೋದು? ಅಡ್ವೈಸರ್ ತಣ್ಣಗೆ ಒಂದು ದಾರಿ ತೋರಿಸಿದರು: ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಿಸಿ ಜನರಲ್ ಸ್ಟಡೀಸ್ ತಗೊಳ್ಳಿ, 62ಕ್ಕೆ 62ಕ್ಕೂ ಬೆಲೆ ಸಿಗುತ್ತೆ, ನವೆಂಬರ್‌ನಲ್ಲಿ ಆಡಬಹುದು. ಆಡಬೇಕೋ, ಎಂಜಿನಿಯರ್ ಆಗಬೇಕೋ ಅನ್ನೋದನ್ನು 20 ವರ್ಷದ ಹುಡುಗ ಒಂದು ವಾರದಲ್ಲಿ ತೀರ್ಮಾನ ಮಾಡಬೇಕಾಯ್ತು. ಆಟವನ್ನೇ ಹಿಡಿದ. ನನ್ನ ಹೆಂಡತಿ ಎಷ್ಟೋ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆ ಕೋಷ್ಟಕವನ್ನು ಏಪ್ರಿಲ್‌ನಲ್ಲೇ, ಹೆಸರು ಹಾಕುವ ಮುಂಚೆಯೇ ನಾನು ಕೇಳಿ ತರಿಸಬೇಕಿತ್ತು. ನಾನೇನೋ ಸಾಫ್ಟ್‌ವೇರ್ ಟೆಸ್ಟಿಂಗ್‌ನವನು, ದಿನವಿಡೀ ಇನ್ನೊಬ್ಬರ ತಪ್ಪು ಹುಡುಕುವುದೇ ಕೆಲಸ!

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. ಒಂದು ಸೀಸನ್ ಪಂದ್ಯಕ್ಕೆ ಹನ್ನೆರಡು ನಿಮಿಷ ಆಡಿದ. ಅವನನ್ನು ಕರೆದಿದ್ದ ಕೋಚ್ ಬೇರೆ ಕೆಲಸ ಹಿಡಿದು ಹೋದರು. ಹೊಸಬರು ತಮ್ಮ ಹಳೇ ಕಾಲೇಜಿನಿಂದ ಹುಡುಗರನ್ನು ಕರೆತಂದರು, ಅದರಲ್ಲಿ ಇಬ್ಬರು ಗಾರ್ಡ್‌ಗಳು. ಎರಡನೇ ಸಲ ಬದಲಿಸಿದರೆ ಮತ್ತೆ ಒಂದು ವರ್ಷ ಕೂರಬೇಕಿತ್ತು ಆಗ. ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತಾಗಿದ್ದು ವೆಸ್ಟ್ ವರ್ಜೀನಿಯಾದ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ತಡೆ ಕೊಟ್ಟ ಮೇಲೆ, 2024ರ ಏಪ್ರಿಲ್‌ನಲ್ಲಿ. ಇವನು ಅಲ್ಲೇ ಉಳಿದು ಡಿಗ್ರಿ ಮುಗಿಸಿದ. ಈಗ ಇನ್ಶೂರೆನ್ಸ್ ಕಂಪನಿಯೊಂದರಲ್ಲಿದ್ದಾನೆ, ಖುಷಿಯಾಗೇ ಇದ್ದಾನೆ ಅಂತ ಅವನೇ ಹೇಳುತ್ತಾನೆ.

ಈಗ ನಿಮ್ಮ ವಿಷಯ. ಪೋರ್ಟಲ್‌ನಿಂದ ದೊಡ್ಡ ತಂಡ ಸಿಗುತ್ತೆ ಅನ್ನಲು ನೀವು ಫ್ಲೋರಿಡಾ ವಿಶ್ವವಿದ್ಯಾಲಯದ ಉದಾಹರಣೆ ಕೊಟ್ಟಿದ್ದೀರಿ. 2025ರಲ್ಲಿ ರಾಷ್ಟ್ರೀಯ ಟೂರ್ನಿ ಗೆದ್ದ ಆ ತಂಡದಲ್ಲಿ ಮೊದಲ ಐವರೊಳಗೆ ಆಡುತ್ತಿದ್ದ ಗಾರ್ಡ್‌ಗಳೆಲ್ಲ ಪೋರ್ಟಲ್‌ನಿಂದ ಬಂದವರು, ನಿಜ. ಆದರೆ ಅವರಲ್ಲಿ ವಾಲ್ಟರ್ ಕ್ಲೇಟನ್ ಅಯೋನಾ ಅನ್ನೋ ಸಣ್ಣ ಕಾಲೇಜಿನಲ್ಲಿದ್ದಾಗಲೇ ಅದರ ಕಾನ್ಫರೆನ್ಸ್‌ನ (ಒಟ್ಟಿಗೆ ಆಡುವ ಕಾಲೇಜುಗಳ ಗುಂಪು) ವರ್ಷದ ಆಟಗಾರ. ಅಲೈಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್ ತಂಡದ ಜೊತೆ ಫೈನಲ್ ಫೋರ್ (ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್) ಆಡಿ ಬಂದವನು. ಪೋರ್ಟಲ್ ಅನ್ನೋದು ಸಂತೆ, ಅಲ್ಲಿ ತೋರಿಸಲು ಏನಾದರೂ ಇದ್ದವನಿಗೆ ಗಿರಾಕಿ. 2025ರಲ್ಲಿ ಪುರುಷರ ಡಿವಿಷನ್ 1ರಲ್ಲೇ 2,000ಕ್ಕೂ ಹೆಚ್ಚು ಹುಡುಗರು ಹೆಸರು ಹಾಕಿದ್ದರು. ತಂಡಗಳಿರುವುದು 360 ಚಿಲ್ಲರೆ. ಹೈಸ್ಕೂಲಿನ 18ರ ಹುಡುಗನನ್ನು ತಂದು ತಿದ್ದುವ ಬದಲು ಬೆಳೆದು ನಿಂತ 22ರವನನ್ನೇ ತರೋಣ ಅನ್ನೋ ಕೋಚ್‌ಗಳೇ ಈಗ ಜಾಸ್ತಿ. ಸಣ್ಣ ಕಾಲೇಜುಗಳು ಹುಡುಗರನ್ನು ತಯಾರು ಮಾಡುತ್ತವೆ, ದೊಡ್ಡವು ಎತ್ತಿಕೊಂಡು ಹೋಗುತ್ತವೆ. ಹಾಗೆ ಖಾಲಿಯಾದ ಜಾಗ ನಿಮ್ಮ ಮಗನ ಈಗಿನ ತಂಡದಲ್ಲೇ ಇರಬಹುದು, ಅಲ್ವಾ? ಅವನ ಮುಂದಿರುವ ಗಾರ್ಡ್ ಚೆನ್ನಾಗಿ ಆಡುತ್ತಿದ್ದರೆ ಅವನೇ ಈ ಏಪ್ರಿಲ್‌ನಲ್ಲಿ ಹೊರಡಬಹುದು.

ದುಡ್ಡಿನ ಮಾತು ಎತ್ತಿದ್ದೀರಿ. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಕೊಡಬಹುದು. ಮೊದಲ ವರ್ಷಕ್ಕೆ ಕಾಲೇಜೊಂದಕ್ಕೆ ಮಿತಿ ಸುಮಾರು 2.05 ಕೋಟಿ ಡಾಲರ್, ಎಲ್ಲಾ ಆಟಗಳೂ ಸೇರಿ. ಅದರಲ್ಲಿ ಬೆಂಚಿನ ಹುಡುಗನ ಪಾಲಿಗೆ ಏನು ಬರುತ್ತೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಎಫ್-1 ವಿದ್ಯಾರ್ಥಿ ವೀಸಾ ಆಗಿದ್ದರಂತೂ ಒಂದು ಡಾಲರ್ ಮುಟ್ಟುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕೇಳಿ.

ಕೋಚ್ ಹತ್ತಿರ ನೀವು ಹೋಗಬೇಡಿ, ಮಗ ಹೋಗಲಿ. "ಮುಂದಿನ ವರ್ಷ ನನ್ನನ್ನು ಎಲ್ಲಿ ಆಡಿಸ್ತೀರಿ?" ಅಂತ ನೇರವಾಗಿ ಕೇಳಲಿ. "ಹೊರಡು" ಅಂತಲೇ ಅವರು ಹೇಳಿದರೆ ಬೇರೆ ಮಾತು. ಆಗಲೂ ಪೋರ್ಟಲ್‌ಗೆ ಹೋಗುವ ಮೊದಲೇ ಹತ್ತಿರದ ನಾಲ್ಕಾರು ಕಾಲೇಜುಗಳ ಕೋರ್ಸ್ ಪಟ್ಟಿ ಇಟ್ಟುಕೊಂಡು ಅವನ ಟ್ರಾನ್ಸ್‌ಕ್ರಿಪ್ಟ್ ತಾಳೆ ನೋಡಿ. ಪೋರ್ಟಲ್‌ಗೆ ಹೆಸರು ಹಾಕುವ ಅವಧಿ ಶುರುವಾದ ಮೇಲೆ ಇದಕ್ಕೆಲ್ಲ ಪುರುಸೊತ್ತಿರಲ್ಲ. 2025ರಲ್ಲಿ ಸಿಕ್ಕಿದ್ದು ಬರೀ 30 ದಿನ. ಅಂದಹಾಗೆ, ಇಷ್ಟುದ್ದ ಪ್ರಶ್ನೆಯಲ್ಲಿ ಮಗನ ಮೇಜರ್ ಯಾವುದು ಅಂತ ನೀವು ಬರೆದೇ ಇಲ್ಲ. ಅದನ್ನು ಬರೆಯಿರಿ, ಎಷ್ಟು ಕ್ರೆಡಿಟ್ ಆಗಿದೆ ಅಂತಲೂ.