ಬ್ರೋಷರ್‌ನ ಶೇಕಡಾವಾರು ನೋಡಿ ಹಣ ಕಟ್ಟಬೇಡಿ

ಕ್ಯಾಲಿಫೋರ್ನಿಯಾದ ಖಾಸಗಿ ಸಂಸ್ಥೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿಯ ಸೈ.ಡಿ.ಗೆ (ಚಿಕಿತ್ಸೆಯ ತರಬೇತಿಗೆ ಒತ್ತು ಕೊಡುವ ಡಾಕ್ಟರೇಟ್) ಸೀಟು ಸಿಕ್ಕಿದೆ, ಏಷ್ಯನ್ ವಿದ್ಯಾರ್ಥಿಗಳು ಬಹಳ ಇದ್ದಾರೆಂದು ಬ್ರೋಷರ್ ಹೇಳುತ್ತಿದೆ, ಧೈರ್ಯವಾಗಿ ಬರಬಹುದೇ ಎಂದು ಮೈಸೂರಿನಿಂದ ಕೇಳಿದ್ದೀರಿ.

ಆ ಅಂಕಿಯಲ್ಲಿ ನೀವು ಸೇರುವುದೇ ಇಲ್ಲ. ಇಲ್ಲಿನ ಸರ್ಕಾರಿ ಲೆಕ್ಕದಲ್ಲಿ ‘ಏಷ್ಯನ್’ ಎಂದರೆ ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇದ್ದವರು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಯಾವ ದೇಶದವರಾದರೂ ಅವರಿಗೆ ಬೇರೆಯೇ ಸಾಲು. ಜೊತೆಗೆ ಬ್ರೋಷರ್‌ನ ಅಂಕಿ ಇಡೀ ಸಂಸ್ಥೆಯದೂ ಆಗಿರಬಹುದು. ನಿಮ್ಮ ಕೋರ್ಸಿಗೆ ಕಳೆದ ಐದು ವರ್ಷಗಳಲ್ಲಿ ಎಫ್-1ನವರು ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು ಎಂದು ಅಡ್ಮಿಷನ್ ಆಫೀಸಿಗೆ ಇಮೇಲ್‌ನಲ್ಲೇ ಕೇಳಿ. ಉತ್ತರ ಜಾರಿಕೊಂಡರೆ ಅದೇ ಉತ್ತರ.

ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಮಾನ್ಯತೆ ಇರುವ ಪ್ರತಿ ಡಾಕ್ಟರೇಟ್ ಕೋರ್ಸೂ ತನ್ನ ವೆಬ್‌ಸೈಟ್‌ನಲ್ಲಿ ಕೆಲವು ಕೋಷ್ಟಕಗಳನ್ನು ಹಾಕಲೇಬೇಕು: ಶುಲ್ಕ, ಮುಗಿಸಲು ಹಿಡಿದ ವರ್ಷಗಳು, ಅರ್ಧಕ್ಕೆ ಬಿಟ್ಟವರು, ಇಂಟರ್ನ್‌ಶಿಪ್ ಸಿಕ್ಕವರು, ಲೈಸೆನ್ಸ್ ಪಡೆದವರು. ಮೊದಲು ಅರ್ಧಕ್ಕೆ ಬಿಟ್ಟವರ ಸಾಲನ್ನೇ ಓದಿ. ಆಮೇಲೆ ಇಂಟರ್ನ್‌ಶಿಪ್ ಕೋಷ್ಟಕದಲ್ಲಿ ‘ಎಪಿಎ ಮಾನ್ಯ’ ಎಂಬ ಸಾಲನ್ನು ಪ್ರತ್ಯೇಕವಾಗಿ ನೋಡಿ. ಒಟ್ಟು ಸಂಖ್ಯೆ ದೊಡ್ಡದಿದ್ದು ಈ ಸಾಲು ಸಣ್ಣದಿರುವುದುಂಟು.

ಸೈ.ಡಿ.ಯಲ್ಲಿ ಶುಲ್ಕ ಸಾಮಾನ್ಯವಾಗಿ ನಿಮ್ಮದೇ. ವಿದೇಶಿ ವಿದ್ಯಾರ್ಥಿಗಳಿಗೆ ಇಲ್ಲಿನ ಸರ್ಕಾರಿ ಸಾಲ ಇಲ್ಲ. ಪಿಎಚ್.ಡಿ. ಕೋರ್ಸ್‌ಗಳು ಹಲವು ಕಡೆ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡೂ ಕೊಡುತ್ತವೆ; ಸಂಶೋಧನೆಯಲ್ಲಿ ಆಸಕ್ತಿ ಇದ್ದರೆ ಒಂದು ವರ್ಷ ಕಾದು ಅದಕ್ಕೇ ಅರ್ಜಿ ಹಾಕುವುದು ಮೇಲು. ಮನೆ ಅಡವಿಟ್ಟು ಸಾಲ ಎತ್ತುವ ಮುನ್ನ ಇದನ್ನು ಅಪ್ಪ ಅಮ್ಮನಿಗೂ ಬಿಡಿಸಿ ಹೇಳಿ.

ನಿಜವಾದ ಇಕ್ಕಟ್ಟು ಕೊನೆಯ ವರ್ಷದ್ದು. ಇಂಟರ್ನ್‌ಶಿಪ್ ಒಂದು ವರ್ಷದ ಪೂರ್ಣಾವಧಿ ಕೆಲಸ. ಮಾಜಿ ಸೈನಿಕರ ವಿಎ ಆಸ್ಪತ್ರೆಗಳಲ್ಲಿ ಜಾಗಗಳು ಬಹಳ, ಆದರೆ ಅವಕ್ಕೆ ಅಮೆರಿಕದ ಪೌರತ್ವ ಬೇಕು. ಇನ್ನು ಓದಿನ ಭಾಗವಾಗಿ ಇಂಥ ಕೆಲಸ ಮಾಡಲು ಎಫ್-1ನವರಿಗೆ ಸಿಗುವ ಅನುಮತಿ ಸಿಪಿಟಿ; ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಆ ಹಂತದ ಓಪಿಟಿ, ಅಂದರೆ ಪದವಿಯ ನಂತರ ಕೆಲಸ ಮಾಡುವ ಅನುಮತಿ, ಕೈತಪ್ಪುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸಿಗೆ ಮೇಲ್ವಿಚಾರಣೆಯ 3000 ಗಂಟೆ ಬೇಕು, ಅದರಲ್ಲಿ ಕನಿಷ್ಠ 1500 ಪದವಿಯ ನಂತರದ್ದು. ಓಪಿಟಿ ಹೋದರೆ ಆ 1500 ಗಂಟೆ ಮಾಡಲು ಬೇರೆ ವೀಸಾವನ್ನೇ ಹುಡುಕಬೇಕು. ಪ್ರಾಕ್ಟಿಕಂ (ಇಂಟರ್ನ್‌ಶಿಪ್‌ಗೆ ಮೊದಲು ಓದಿನ ಜೊತೆ ಮಾಡುವ ಕ್ಲಿನಿಕ್ ತರಬೇತಿ) ವಾರಕ್ಕೆ 20 ಗಂಟೆ ಮೀರದಿದ್ದರೆ ಅರೆಕಾಲಿಕ ಎಂದೇ ಲೆಕ್ಕ, ಅದರಿಂದ ತೊಂದರೆಯಿಲ್ಲ. ಇಂಟರ್ನ್‌ಶಿಪ್ ದಿನಾಂಕಗಳನ್ನು ಹೇಗೆ ಹೊಂದಿಸುತ್ತೀರಿ ಎಂದು ಸಂಸ್ಥೆಯ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ) ಅವರನ್ನು ಸೇರುವ ಮೊದಲೇ ಕೇಳಿ.

ಖಾಸಗಿ ಸಂಸ್ಥೆಯ ಹಣಕಾಸೂ ವಿಚಾರಿಸಿ. ಹಲವು ರಾಜ್ಯಗಳಲ್ಲಿ ಸೈ.ಡಿ. ನಡೆಸುತ್ತಿದ್ದ ಆರ್ಗೋಸಿ ವಿಶ್ವವಿದ್ಯಾಲಯ 2019ರ ಮಾರ್ಚ್‌ನಲ್ಲಿ ಸೆಮಿಸ್ಟರ್ ಮಧ್ಯದಲ್ಲೇ ಬಾಗಿಲು ಹಾಕಿತು.

ಬೆಂಗಳೂರಿಗೆ ಮರಳಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವ ಯೋಚನೆ ಇದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು. ಈ ಪದವಿಯನ್ನು ಒಪ್ಪುತ್ತಾರೆಯೇ ಎಂದು ಅವರಿಗೂ ಈಗಲೇ ಬರೆದು, ಉತ್ತರವನ್ನು ಲಿಖಿತವಾಗಿ ಇಟ್ಟುಕೊಳ್ಳಿ.