ಎರೆ ಮಣ್ಣಿಗೆ ಯಾವ ಟೈರ್, ಗರಸಿಗೆ ಯಾವ ಚಕ್ರ?

ಪ್ರಶ್ನೆ: ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೇನೆ. ಎತ್ತರ 5 ಅಡಿ 3 ಅಂಗುಲ, ತೂಕ 58 ಕಿಲೋ. ವಾರವಿಡೀ ಹದಡಿ ರಸ್ತೆಯಿಂದ ಶಾಲೆಗೆ, ಭಾನುವಾರ ಭದ್ರಾ ನಾಲೆಯ ಏರಿಯ ಮೇಲೆ ಮತ್ತು ಬಾತಿ ಗುಡ್ಡದ ಕಡೆಗೆ ಸೈಕಲ್ ತುಳಿಯುವ ಆಸೆ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಮೌಂಟನ್ ಬೈಕ್ ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ಒಂದೇ ಬೆಲೆಗೆ ಎರಡು ತೋರಿಸಿದರು. ಒಂದಕ್ಕೆ 27.5 ಅಂಗುಲದ ಚಕ್ರ, 2.4 ಅಂಗುಲ ಅಗಲದ ಟೈರ್, ಇನ್ನೊಂದಕ್ಕೆ 29 ಅಂಗುಲದ ಚಕ್ರ, 2.25 ಅಂಗುಲ ಅಗಲದ ಟೈರ್. ನನ್ನ ತಮ್ಮ 5 ಅಡಿ 11 ಅಂಗುಲ ಇದ್ದಾನೆ, ಅವನ ಬಳಿ 29 ಇದೆ. ‘ಅಕ್ಕಾ, ಅದನ್ನು ಬಿಟ್ಟು ಬೇರೆ ಮಾತೇ ಬೇಡ’ ಎನ್ನುತ್ತಾನೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: 27.5 ತೆಗೆದುಕೊಳ್ಳಿ, ಮೇಡಂ. ಆದರೆ ಹಣ ಕೊಡುವ ಮೊದಲು ಹಿಂದಿನ ಚಕ್ರಕ್ಕೆ 2.4ರ ಬದಲು 2.25 ಟೈರ್ ಹಾಕಿಸಿಕೊಳ್ಳಿ. ಮುಂದಿನದು 2.4 ಆಗಿಯೇ ಇರಲಿ.

ನೀವು ವಿಜ್ಞಾನ ಕಲಿಸುವವರು, ಆದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ. 27.5, 29 ಎಂಬವು ವ್ಯಾಪಾರಕ್ಕೆ ಇಟ್ಟ ಹೆಸರುಗಳು. ಟೈರಿನ ಪಕ್ಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಜೋಡಿ ಅಂಕಿ ಇರುತ್ತದೆ: 57-622, 61-584 ಎಂಬಂತೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರ್ ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ನಂಬಬೇಕಾದ ಅಂಕಿ ಇದು. 622ಕ್ಕೆ 57ರ ಎರಡರಷ್ಟು ಕೂಡಿಸಿ, 736 ಆಗುತ್ತದೆ. 584ಕ್ಕೆ 61ರ ಎರಡರಷ್ಟು ಕೂಡಿಸಿ, 706 ಆಗುತ್ತದೆ. ಅಂದರೆ ಅಂಗಡಿಯಲ್ಲಿ ನೀವು ನೋಡಿದ ಎರಡು ಚಕ್ರಗಳ ನಡುವೆ ವ್ಯಾಸದಲ್ಲಿ 30 ಮಿ.ಮೀ. ವ್ಯತ್ಯಾಸ, ನೆಲದಿಂದ ಅಚ್ಚಿನ ಎತ್ತರ ನೋಡಿದರೆ ಬರೀ 15 ಮಿ.ಮೀ. ಇಷ್ಟು ಅಂತರಕ್ಕಾಗಿ ಮನೆಯಲ್ಲಿ ವಾದ ಮಾಡಬೇಕಾಗಿಲ್ಲ. ಹಾಗೆ ನೋಡಿದರೆ ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು ಹೊತ್ತು ಓಡಾಡಿದ 28 ಅಂಗುಲದ ಕರಿ ಸೈಕಲ್ಲಿನ ರಿಮ್ 635 ಮಿ.ಮೀ. ಇದೆ, 29ರ ರಿಮ್ಮಿಗಿಂತ ದೊಡ್ಡದು!

ದೊಡ್ಡ ಚಕ್ರಕ್ಕೆ ಗುಣವಿಲ್ಲವೆಂದು ನಾನು ಹೇಳುವುದಿಲ್ಲ. ಕಲ್ಲು, ಗುಂಡಿಗಳ ಮೇಲೆ ಅದು ಎಡವುವುದು ಕಡಿಮೆ. ಒಮ್ಮೆ ವೇಗ ಹಿಡಿದರೆ ಆ ವೇಗವನ್ನು ಉಳಿಸಿಕೊಳ್ಳುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29ರ ಮೇಲೆ ಚಿನ್ನ ಗೆದ್ದರು. 27.5ರ ಮೇಲಿದ್ದ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್ ಕೂದಲೆಳೆಯ ಅಂತರದಲ್ಲಿ ಎರಡನೆಯವರಾದರು. ಅದೇ ಶುರ್ಟರ್ 2016ರ ರಿಯೊದಲ್ಲಿ 29 ಏರಿ ಚಿನ್ನ ತಂದರು. ನಿಮ್ಮ ತಮ್ಮ ಹೇಳುವ ಮಾತಿಗೆ ಆಧಾರವಿದೆ, ಅವರ ಎತ್ತರಕ್ಕೆ ಆ ಸೈಕಲ್ಲು ಸರಿಯಾಗಿಯೇ ಇದೆ. ನಿಮಗೆ ಬೇಕಾದ ಚಿಕ್ಕ ಫ್ರೇಮಿಗೆ 29 ಚಕ್ರ ತೂರಿಸಿದಾಗಲೇ ತೊಂದರೆ ಶುರುವಾಗುವುದು. ಹ್ಯಾಂಡಲ್ ಮೇಲೇರುತ್ತದೆ, ಎಷ್ಟೋ ಚಿಕ್ಕ ಫ್ರೇಮುಗಳಲ್ಲಿ ನಿಧಾನವಾಗಿ ತಿರುಗುವಾಗ ಕಾಲಿನ ತುದಿ ಮುಂದಿನ ಟೈರಿಗೆ ತಾಗುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಸೀಟಿನ ಮೇಲೆ ಕುಳಿತು ಪೆಡಲುಗಳನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ, ಮುಂದಿರುವ ಪಾದದ ಕಡೆಗೆ ಹ್ಯಾಂಡಲ್ ತಿರುಗಿಸಿ. ಶೂ ಟೈರಿಗೆ ಮುಟ್ಟಿದರೆ ಆ ಸೈಕಲ್ಲನ್ನು ಅಲ್ಲೇ ಬಿಟ್ಟು ಬನ್ನಿ. ಹದಡಿ ರಸ್ತೆಯ ಬೆಳಗಿನ ಗದ್ದಲದಲ್ಲಿ ಆಟೋ ಹಿಂದೆ ನಿಧಾನಿಸಿ ತಿರುವು ತೆಗೆದುಕೊಳ್ಳುವಾಗ ಕಾಲು ಸಿಕ್ಕಿಕೊಳ್ಳುವುದು ಆಟದ ಮಾತಲ್ಲ.

ಇನ್ನು ಮಣ್ಣಿನ ವಿಚಾರ. ನನ್ನ ಪ್ರಕಾರ ನಿಮ್ಮ ನಿರ್ಧಾರ ಇದರ ಮೇಲೆಯೇ ನಿಲ್ಲಬೇಕು. ನಾನಿರುವುದು ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿ. ಇಲ್ಲಿಯದು ಬಂಡೆ ಮತ್ತು ಗರಸು. ಗಾಳಿಯಂತ್ರಗಳ ಬುಡಕ್ಕೆ ಹೋಗುವ ದಾರಿಗಳಲ್ಲಿ ಗಟ್ಟಿ ನೆಲದ ಮೇಲೆ ಸಡಿಲ ಜಲ್ಲಿ. ಇಂಥಲ್ಲಿ ಟೈರ್ ಅಗಲವಾದಷ್ಟೂ ಲಾಭ. ಗಾಳಿ ಕಡಿಮೆ ಇಟ್ಟು ಓಡಿಸಬಹುದು, ಜಲ್ಲಿಯ ಮೇಲೆ ಜಾರುವುದು ಕಡಿಮೆ, ಮಳೆ ಬಂದರೂ ನೀರು ಇಂಗಿ ಅರ್ಧ ದಿನದಲ್ಲಿ ದಾರಿ ಸರಿಯಾಗುತ್ತದೆ. (ಜೋಗಿಮಟ್ಟಿ ಕಾಡು ವನ್ಯಜೀವಿ ಧಾಮ. ಸೈಕಲ್ ತರುವುದಾದರೆ ಅರಣ್ಯ ಇಲಾಖೆಯನ್ನು ಕೇಳಿಕೊಂಡೇ ಬನ್ನಿ.) ನಿಮ್ಮ ನಾಲೆ ಏರಿಯ ಕಥೆಯೇ ಬೇರೆ. ಅಕ್ಕಪಕ್ಕದಲ್ಲಿ ಎರೆ ಮಣ್ಣು. ಒಣಗಿದಾಗ ಸಿಮೆಂಟಿನಷ್ಟು ಗಟ್ಟಿ, ಒಂದು ಮಳೆ ಬಿದ್ದರೆ ಟೈರಿಗೆ ಅಂಟಿಕೊಂಡು ಸುತ್ತಿನಿಂದ ಸುತ್ತಿಗೆ ದಪ್ಪವಾಗುತ್ತಾ ಹೋಗುತ್ತದೆ. ಮೊದಲು ಟೈರಿನ ಗುಬ್ಬಿಗಳ (ಮೇಲ್ಮೈಯ ರಬ್ಬರ್ ಉಬ್ಬುಗಳ) ನಡುವಿನ ಸಂದು ಮುಚ್ಚುತ್ತದೆ. ಆಮೇಲೆ ಪೆಡಲ್ ಅಚ್ಚಿನ ಹಿಂದೆ, ಫ್ರೇಮಿನ ಎರಡು ಕೊಳವೆಗಳು ಕೂಡುವ ಇಕ್ಕಟ್ಟಿನಲ್ಲಿ ಮಣ್ಣು ಸೇರಿ, ಹುಲ್ಲು ಕಡ್ಡಿ ಸಿಕ್ಕಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆ ಸೇರಬೇಕು. ಎರೆ ಭೂಮಿಯಲ್ಲಿ ಅಗಲ ಟೈರಿಗಿಂತ ಟೈರಿನ ಸುತ್ತ ಇರುವ ಖಾಲಿ ಜಾಗವೇ ಮುಖ್ಯ. ಹಿಂದಿನ ಟೈರ್ 2.25 ಇರಲಿ ಎಂದಿದ್ದು ಅದಕ್ಕೇ. ಟೈರಿನ ಎರಡೂ ಪಕ್ಕ ನಿಮ್ಮ ಕಿರುಬೆರಳು ಸಲೀಸಾಗಿ ಆಡಬೇಕು. ಆಡದಿದ್ದರೆ 2.1ಕ್ಕೆ ಇಳಿಯಲು ಹಿಂಜರಿಯಬೇಡಿ. ಗುಬ್ಬಿಗಳು ಒತ್ತೊತ್ತಾಗಿರುವ ಟೈರ್ ಬೇಡ, ಬಿಡಿಬಿಡಿಯಾಗಿರುವುದನ್ನು ಕೇಳಿ ತೆಗೆದುಕೊಳ್ಳಿ. ಅದು ಮಣ್ಣನ್ನು ಬೇಗ ಉದುರಿಸುತ್ತದೆ.

ಮುಂದಿನ ಚಕ್ರಕ್ಕೆ ಅದನ್ನು ಹಿಡಿದಿರುವ ಕವಲಿನಲ್ಲಿ, ಅಂದರೆ ಫೋರ್ಕಿನಲ್ಲಿ, ಸಾಮಾನ್ಯವಾಗಿ ಜಾಗ ಹೆಚ್ಚಿರುತ್ತದೆ. ದಿಕ್ಕು ಹಿಡಿಯುವುದೂ, ಬ್ರೇಕ್ ಹಾಕಿದಾಗ ಹೆಚ್ಚಿನ ಭಾರ ಹೊರುವುದೂ ಅದೇ. 2.4 ಅಲ್ಲಿರಲಿ. ಬಾತಿ ಗುಡ್ಡದಿಂದ ಇಳಿಯುವಾಗ ಅದರ ಬೆಲೆ ತಿಳಿಯುತ್ತದೆ. 2.25ಕ್ಕಿಂತ 2.4ರೊಳಗೆ ಗಾಳಿಗೆ ಸುಮಾರು ಶೇ 14ರಷ್ಟು ಹೆಚ್ಚು ಜಾಗ ಇರುತ್ತದೆ. ಹಾರ್ಡ್‌ಟೇಲಿನಲ್ಲಿ ಕೈಗೆ ಬರುವ ಹೊಡೆತವನ್ನು ಅದು ತಡೆದುಕೊಳ್ಳುತ್ತದೆ. ರಿಮ್ಮಿನ ಒಳ ಅಗಲವನ್ನೂ ವಿಚಾರಿಸಿ. 25ರಿಂದ 30 ಮಿ.ಮೀ. ಇದ್ದರೆ ಈ ಎರಡೂ ಟೈರುಗಳು ಚೆನ್ನಾಗಿ ಕೂರುತ್ತವೆ. 20ರ ಆಸುಪಾಸಿನ ಕಿರಿದಾದ ರಿಮ್ಮಿಗೆ 2.4 ಹಾಕಿದರೆ ತಿರುವಿನಲ್ಲಿ ಟೈರ್ ಹೊರಳಿದಂತಾಗುತ್ತದೆ.

ಗಾಳಿಯ ವಿಷಯಕ್ಕೆ ನಾನು ಹಠ ಹಿಡಿದೇ ಹೇಳುತ್ತೇನೆ. ಪೆಟ್ರೋಲ್ ಬಂಕಿನಲ್ಲಿ ‘ಕಲ್ಲಿನಂತಾಗಲಿ’ ಎಂದು 50 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಹೊಡೆಸಿಕೊಂಡು ಬಂದವರ ಕೈಯಲ್ಲಿ ಯಾವ ಚಕ್ರವೂ ಒಂದೇ. ಅಷ್ಟು ಗಾಳಿಯಿದ್ದರೆ ಟೈರ್ ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ಇರುವುದಿಲ್ಲ, ಬೆನ್ನು ನೋಯುತ್ತದೆ. ಮೀಟರ್ ಇರುವ ಒಂದು ನೆಲಪಂಪ್ ಕೊಳ್ಳಿ. ನಿಮ್ಮ ತೂಕಕ್ಕೆ ಟ್ಯೂಬ್ ಇದ್ದರೆ ಗುಡ್ಡದ ದಿನ ಮುಂದೆ 22ರಿಂದ 24, ಹಿಂದೆ 25ರಿಂದ 27 ಪಿಎಸ್ಐಯಿಂದ ಶುರು ಮಾಡಿ. ಕಲ್ಲು ಹೊಡೆದು ರಿಮ್ಮಿಗೆ ಪೆಟ್ಟು ಬಿದ್ದ ಸದ್ದು ಕೇಳಿದರೆ 2 ಪಿಎಸ್ಐ ಏರಿಸಿ. ಶಾಲೆಯ ದಾರಿಗೆ 35 ಇರಲಿ, ಡಾಂಬರಿನ ಮೇಲೆ ಸೈಕಲ್ಲು ಹಗುರವಾಗಿ ಓಡುತ್ತದೆ.

ಪ್ರಶ್ನೆ: ನನ್ನ ಬಳಿ ಹಳೆಯ 26 ಅಂಗುಲದ ಮೌಂಟನ್ ಬೈಕ್ ಇದೆ, ರಿಮ್ ಹಿಡಿಯುವ ವಿ-ಬ್ರೇಕ್. ಅದಕ್ಕೇ 27.5 ಚಕ್ರ ಹಾಕಬಹುದೇ? (ಕಾಲೇಜು ವಿದ್ಯಾರ್ಥಿ, ಹಿರಿಯೂರು)

ಉತ್ತರ: ಬೇಡ. 26ರ ರಿಮ್ 559 ಮಿ.ಮೀ., 27.5ರದು 584. ಬ್ರೇಕ್ ಕಟ್ಟೆಗಳು 12.5 ಮಿ.ಮೀ. ಮೇಲಕ್ಕೆ ಹೋಗಬೇಕಾಗುತ್ತದೆ, ಅಷ್ಟು ಅವಕಾಶ ಅವುಗಳಿಗೆ ಇರುವುದಿಲ್ಲ. ಫ್ರೇಮಿನಲ್ಲಿ ಜಾಗವೂ ಸಾಲದು. ಆ ಹಣದಲ್ಲಿ 2.1 ಅಗಲದ ಎರಡು ಒಳ್ಳೆಯ ಟೈರ್ ಕೊಳ್ಳಿ. ಅಂಗಡಿಯಲ್ಲಿ ಬರೀ ‘26 ಕೊಡಿ’ ಎಂದರೆ 26×1 3/8ರ ತೆಳು ಟೈರ್ ಕೈಗೆ ಬರಬಹುದು. ಅದರ ರಿಮ್ 590 ಮಿ.ಮೀ., ನಿಮ್ಮದಕ್ಕೆ ಕೂರುವುದೇ ಇಲ್ಲ. ಪಕ್ಕೆಯ ಮೇಲೆ 559 ಎಂದು ಓದಿಯೇ ದುಡ್ಡು ಕೊಡಿ. ನಿಮ್ಮ ಎತ್ತರಕ್ಕೆ ಫ್ರೇಮ್ ಒಪ್ಪುತ್ತಿದ್ದರೆ 26ರ ಸೈಕಲ್ಲಿಗೆ ವಾಣಿವಿಲಾಸ ಸಾಗರದ ಕಡೆಯ ದಾರಿಗಳಲ್ಲಿ ಇನ್ನೂ ಬಹಳ ಕೆಲಸವಿದೆ.

ಪ್ರಶ್ನೆ: 29 ಕೊಂಡೆ. ಜಾಲಿ ಮುಳ್ಳಿನಿಂದ ಪಂಚರ್ ತಪ್ಪುತ್ತಿಲ್ಲ. ಇನ್ನೂ ದಪ್ಪ ಟೈರ್ ಹಾಕಲೇ? (ಚಳ್ಳಕೆರೆ)

ಉತ್ತರ: ಅಗಲ ಹೆಚ್ಚಿಸಿದರೆ ಮುಳ್ಳು ನಿಲ್ಲುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಯಾವ ರಬ್ಬರಿಗೂ ಬಗ್ಗದು. ನೆಲಕ್ಕೆ ಹರಡಿ ಕಾಯಿ ಉದುರಿಸುವ ನೆಗ್ಗಿಲು ಇನ್ನೂ ಕೆಟ್ಟದ್ದು, ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ರಿಮ್ಮು, ಟೈರು ಎರಡೂ ಟ್ಯೂಬ್‌ಲೆಸ್‌ಗೆ ತಯಾರಾದವಾದರೆ ಟ್ಯೂಬ್ ತೆಗೆದು ಒಂದೊಂದು ಚಕ್ರಕ್ಕೆ 100 ಮಿ.ಲೀ. ಸೀಲೆಂಟ್ (ಮುಳ್ಳಿನ ತೂತನ್ನು ಒಳಗಿನಿಂದ ಮುಚ್ಚುವ ದ್ರವ) ಹಾಕಿಸಿ. ನಿಮ್ಮೂರಿನ ಬೇಸಿಗೆಯಲ್ಲಿ ಅದು ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಿ ತುಂಬಬೇಕು. ಟ್ಯೂಬಿನಲ್ಲೇ ಮುಂದುವರಿಯುವುದಾದರೆ ಪಂಚರ್ ಹಾಕಿದ ಮೇಲೆ ಟೈರಿನ ಒಳಗೋಡೆಗೆ ಒಂದು ಹತ್ತಿ ಉಂಡೆಯನ್ನು ಸುತ್ತಲೂ ಉಜ್ಜಿ. ಮುರಿದ ಮುಳ್ಳಿನ ತುದಿ ಇದ್ದ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಅದನ್ನು ಇಕ್ಕಳದಿಂದ ಹೊರಗಿನಿಂದಲೋ ಒಳಗಿನಿಂದಲೋ ಕಿತ್ತ ಮೇಲೆಯೇ ಟ್ಯೂಬ್ ಹಾಕಿ.